ಟೋಲ್ ಮತ್ತು ನಮ್ಮ ಸುಂಕ

ಅಂಕೋಲೆಯಿಂದ ಹುಬ್ಬಳ್ಳಿಯತ್ತ ಹೊರಟವರು ಅರಬೈಲು ಘಟ್ಟವನ್ನು ಏರುವ ಮೊದಲು ಸುಂಕಸಾಳವನ್ನು ಹಾಯುತ್ತಾರೆ. ಊರ ಹೆಸರಿನಲ್ಲೇ ಸುಂಕದ ಸದ್ದು ಉಂಟು. ಆ ಊರಿನಿಂದ ಬಂದ ವಿದ್ಯಾರ್ಥಿಯೊಬ್ಬ ಬಹಳ ವರ್ಷಗಳ ಹಿಂದೆ ಅನುವಾದದ ಉತ್ತರಪತ್ರಿಕೆಯಲ್ಲಿ ‘ವಯಸ್ಸು ಅವನಿಂದ ಸುಂಕ ವಸೂಲು ಮಾಡಿತು’ ಎಂದು ಬರೆದಿದ್ದ. ಮೂಲದಲ್ಲಿದ್ದುದು ‘ಟೇಕ್ ಇಟ್ಸ್ ಟೋಲ್’ ಎಂಬ ಇಂಗ್ಲಿಷ್ ನುಡಿಗಟ್ಟು. ಪದಕ್ಕೆ ಪದ ಇಟ್ಟಿದ್ದಾನೆಂದು ಬಗೆದು ನಾನು ಕೆಂಪು ಶಾಯಿಯ ಗೀಟೆಳೆದು ಅಂಕ ಕಳೆದೆ. ಆ ಗೀಟನ್ನು ಕುರಿತೇ ಇಂದಿನ ಈ ನಾಲ್ಕು ಮಾತು.

ಟೋಲ್ ಎಂದರೆ ದಾರಿಯಲ್ಲಿ, ಸೇತುವೆಯಲ್ಲಿ, ಸಂತೆಯಲ್ಲಿ ತೆರುವ ಸುಂಕ. ಹಿಂದಿನ ಇಂಗ್ಲೆಂಡಿನಲ್ಲಿ ಗಿರಣಿಯವನು ಬೀಸಿಕೊಟ್ಟ ಧಾನ್ಯದಲ್ಲಿ ಒಂದು ಪಾಲನ್ನು ಕೂಲಿಯೆಂದು ಮುರಿದುಕೊಳ್ಳುತ್ತಿದ್ದ. ಅದಕ್ಕೂ ಟೋಲ್ ಎಂದೇ ಹೆಸರು. ಬರ, ರೋಗ, ಯುದ್ಧ, ಚಿಂತೆ, ನಿದ್ದೆಗೇಡು ಇವೆಲ್ಲ ಮನುಷ್ಯನಿಂದ ಹೀಗೆಯೇ ತಮ್ಮ ಪಾಲನ್ನು ಮುರಿದುಕೊಳ್ಳುತ್ತವೆ ಎಂಬುದು ನುಡಿಗಟ್ಟಿನ ಭಾವ. ಗಂಟೆ ಬಾರಿಸುವುದಕ್ಕೂ ಇಂಗ್ಲಿಷಿನಲ್ಲಿ ಟೋಲ್ ಎನ್ನುವುದುಂಟು. ಹೆಮಿಂಗ್ವೆಯ 1940ರ ಕಾದಂಬರಿಯ ಹೆಸರಿನಲ್ಲಿರುವುದು ಆ ಟೋಲ್. ಕಾಗುಣಿತ ಒಂದೇ ಆದರೂ ಪದ ಬೇರೆ, ಎರಡನ್ನೂ ಕಲಸಬಾರದು.

ನಮ್ಮ ಪತ್ರಿಕೆಗಳು ಈ ನುಡಿಗಟ್ಟನ್ನು ಸಾಮಾನ್ಯವಾಗಿ ‘ಬಲಿ ತೆಗೆದುಕೊಂಡಿತು’ ಎಂದು ಕನ್ನಡಿಸುತ್ತವೆ. ಪ್ರಾಣಹಾನಿಯಾದಲ್ಲಿ ಅದು ಸಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಯೊಳಕ್ಕೂ ಬಿತ್ತು, ಜೀವಗಳು ಬಲಿಯಾದವು. ಆದರೆ ಹೊಳೆಯ ತಳದಲ್ಲಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನ ಕಾದವರ ನಿದ್ದೆಗೆ, ಆರೋಗ್ಯಕ್ಕೆ, ಆಸೆಗೆ ಆದುದನ್ನು ಏನೆನ್ನೋಣ? ಬಲಿ ಒಂದೇ ಏಟಿನದು. ಇದು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತೆರಬೇಕಾದುದು. ಸೊರಗಿದರು, ಸವೆದರು, ಹೈರಾಣಾದರು ಎನ್ನಬಹುದು. ಅಲ್ಲಿ ತೆತ್ತವರು ಕಾಣುತ್ತಾರೆ, ವಸೂಲಿಗೆ ನಿಂತವನು ಕಾಣುವುದಿಲ್ಲ.

ಆ ವಸೂಲಿಯವನು ಕನ್ನಡಕ್ಕೆ ಅಪರಿಚಿತನೇನಲ್ಲ. ಸಂಸ್ಕೃತದ ಶುಲ್ಕವೇ ನಮ್ಮಲ್ಲಿ ಸುಂಕವಾಯಿತು. ಶಾಸನಗಳಲ್ಲಿ ಪೆರ್ಜುಂಕವುಂಟು, ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನಿದ್ದಾನೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದವರಾರು? ಹೇರು ಯಾರದು, ಎತ್ತು ಎಷ್ಟು ದಣಿದಿದೆ ಎಂದು ಕಟ್ಟೆಯಲ್ಲಿ ಕುಳಿತವನು ಕೇಳುವುದಿಲ್ಲ. ವಯಸ್ಸೂ ಕೇಳುವುದಿಲ್ಲ. ಇಂಗ್ಲಿಷಿನ ನುಡಿಗಟ್ಟು ಹೇಳದೆ ಬಿಟ್ಟ ಈ ನಿಷ್ಕರುಣೆಯನ್ನು ನಮ್ಮ ಗಾದೆ ಹೇಳಿಬಿಟ್ಟಿದೆ.

ಈಗ ನನಗೂ ಅರವತ್ತು ದಾಟಿದೆ. ಮೆಟ್ಟಿಲು ಹತ್ತುವಾಗ ಮೊಣಕಾಲು, ದೀಪದ ಕೆಳಗೆ ಓದುವಾಗ ಕಣ್ಣು ತಮ್ಮ ತಮ್ಮ ಪಾಲನ್ನು ತೆರುತ್ತಿವೆ. ಆ ಹುಡುಗ ಪದಕ್ಕೆ ಪದ ಇಟ್ಟಿರಲಿಲ್ಲ. ಊರಿನ ಗಾದೆಯ ಬಲದಿಂದ ಸರಿಯಾದ ಕನ್ನಡವನ್ನೇ ಬರೆದಿದ್ದ. ತಪ್ಪಿದ್ದು ನನ್ನ ಗೀಟು. ಕಳೆದ ಅಂಕವನ್ನು ಹಿಂದಿರುಗಿಸುವ ದಾರಿ ಈಗಿಲ್ಲ. ತಪ್ಪನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ.