ದೀರ್ಘಕಾಲದ ಕಾಯಿಲೆ, ಕೈ ಕಸೂತಿ ಮತ್ತು ವರ್ತಕರ ಆರ್ಡರು

ಧಾರವಾಡ, ಹುಬ್ಬಳ್ಳಿ ಹಾಗೂ ಸುತ್ತಲಿನ ಊರುಗಳಲ್ಲಿ ಕೈ ಕಸೂತಿಯ ಕೆಲಸ ಹೆಚ್ಚಾಗಿ ನಡೆಯುವುದು ಕಾರ್ಖಾನೆಗಳಲ್ಲಲ್ಲ, ಮನೆಗಳ ಪಡಸಾಲೆಗಳಲ್ಲಿ. ವರ್ತಕರು ಬಟ್ಟೆಯನ್ನೂ ದಾರವನ್ನೂ ಒದಗಿಸುತ್ತಾರೆ. ಮಹಿಳೆಯರು ಹೊಲಿಗೆ ಮುಗಿಸಿ ಒಪ್ಪಿಸಿ, ನಗದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಈ ಏರ್ಪಾಡಿನ ಕಾರಣದಿಂದಲೇ, ಸಂಧಿವಾತ, ಮಧುಮೇಹ, ಅಸ್ತಮಾ ಮುಂತಾದ ದೀರ್ಘಕಾಲದ ಕಾಯಿಲೆಗಳಿಂದ ಹೊರಗೆ ಹೋಗಿ ದುಡಿಯಲಾರದ ಮಹಿಳೆಯರಿಗೆ ಇದು ತಕ್ಕ ಉದ್ಯೋಗವೆಂಬ ಅಭಿಪ್ರಾಯ ಬೆಳೆದಿದೆ. ಅಭಿಪ್ರಾಯ ಅರ್ಧ ಮಾತ್ರ ಸರಿ. ಇಂತಹ ಮಹಿಳೆಯ ಕೆಲಸ ನಿಧಾನವಾಗುವುದು ನಿಶ್ಚಿತ. ಆದರೆ ಮೊದಲೇ ತಿಳಿದ ನಿಧಾನದಿಂದ ವರ್ತಕನಿಗೆ ಆಗುವ ನಷ್ಟ ಅಲ್ಪ. ಗಡುವಿನ ದಿನ ಬಂದ ಮೇಲೆ ತಿಳಿಯುವ ನಿಧಾನದಿಂದ ಆಗುವ ನಷ್ಟ ದೊಡ್ಡದು. ಈ ಎರಡರಲ್ಲಿ ಯಾವುದು ಸಂಭವಿಸುತ್ತದೆ ಎಂಬುದು ಬಹುಮಟ್ಟಿಗೆ ಆರ್ಡರು ಕೊಡುವ ಕ್ರಮವನ್ನೇ ಅವಲಂಬಿಸಿದೆ.

ಕಸೂತಿಯ ಸ್ವರೂಪವನ್ನು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ; ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ; ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಬಟ್ಟೆಯ ಎರಡು ಮೈಯೂ ಒಂದೇ ಬಗೆಯಾಗಿ ಕಾಣುವುದು ಇದರಿಂದಲೇ. ಹೀಗಿರುವಾಗ ಒಂದು ಚಿತ್ರವನ್ನು ನಡುವೆ ನಿಲ್ಲಿಸಿದರೆ, ಮರಳುವ ದಾರಿ ಹಾಕಿದವಳಿಗೆ ಗೊತ್ತೇ ಹೊರತು ಬೇರೊಬ್ಬರಿಗೆ ಸುಲಭವಾಗಿ ಸಿಗದು. ಇಡೀ ಸೆರಗನ್ನು ಒಬ್ಬಳಿಗೇ ವಹಿಸಿ, ಆಕೆ ಹಾಸಿಗೆ ಹಿಡಿದರೆ, ಆ ಸೆರಗು ಆಕೆ ಏಳುವವರೆಗೂ ಹಾಗೆಯೇ ಬಿದ್ದಿರಬೇಕಾಗುತ್ತದೆ. ಅದೇ ಆರ್ಡರನ್ನು ಬಿಡಿ ಬಿಡಿ ಬುಟ್ಟಿಗಳಾಗಿ, ಕುಶನ್ ಕವರು ಅಥವಾ ಚೀಲದ ಪಟ್ಟಿಗಳಾಗಿ ವಿಂಗಡಿಸಿದರೆ ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣಗೊಳ್ಳುತ್ತದೆ. ಉಳಿದದ್ದನ್ನು ಮತ್ತೊಬ್ಬರಿಗೆ ಕೊಡಲು ತೊಡಕಿಲ್ಲ.

ಕುಳಿತು ಮಾಡುವ ಕೆಲಸವಾದ ಮಾತ್ರಕ್ಕೆ ಅದು ಹಗುರವೆಂದು ತಿಳಿಯಬಾರದು. ರುಮಟಾಯ್ಡ್ ಸಂಧಿವಾತವು ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆರಳ ಗಿಣ್ಣುಗಳು ಬೆಳಗಿನ ಹೊತ್ತಿನಲ್ಲಿ ಗಂಟೆಗಟ್ಟಲೆ ಬಿಗಿದುಕೊಳ್ಳುವುದು ಅದರ ಮುಖ್ಯ ಲಕ್ಷಣ. ಕೆಲವು ವಾರ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಉಲ್ಬಣಿಸುವುದು ಅದರ ಸ್ವಭಾವ. ಉಲ್ಬಣಿಸಿದ ದಿನಗಳಲ್ಲಿ ಗಡುವಿಗೆ ಹೆದರಿ ಸೂಜಿ ಹಿಡಿದವಳ ನೋವು ಇಮ್ಮಡಿಸುತ್ತದೆ. ವರ್ತಕನಿಗೆ ದೊರೆಯುವುದು ಎಣಿಕೆ ತಪ್ಪಿದ ಹೊಲಿಗೆ. ಎಳೆ ಎಣಿಸಲಾಗದ ಬಟ್ಟೆಗಳ ಮೇಲೆ ಕ್ಯಾನ್ವಾಸ್ ಇಟ್ಟು ಹೊಲಿದು, ಅನಂತರ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದುಂಟು. ಬೆರಳಿಗೆ ಹೆಚ್ಚು ಬಲ ಬೇಕಾದ ಈ ಕೆಲಸವನ್ನು ಆಕೆಯಿಂದ ಬೇರ್ಪಡಿಸಿ ಇನ್ನೊಬ್ಬರಿಗೆ ವಹಿಸುವುದು ಲೇಸು. ಮಧುಮೇಹದ ತೊಂದರೆ ಬೇರೆ. ಅದು ಕಣ್ಣಿನ ಅಕ್ಷಿಪಟಲವನ್ನು ಕೆಡಿಸಬಲ್ಲದು. ಬೆರಳ ಸ್ಪರ್ಶವನ್ನೂ ಮಂದಗೊಳಿಸಬಲ್ಲದು. ಕಪ್ಪು ಚಂದ್ರಕಾಳಿ ಸೀರೆಯ ಎಳೆ ಎಣಿಸುವುದು ಒಳ್ಳೆಯ ಕಣ್ಣಿಗೂ ಕಷ್ಟ. ದೃಷ್ಟಿ ಕುಂದಿದವರಿಗೆ ತಿಳಿಬಣ್ಣದ, ಒರಟು ನೇಯ್ಗೆಯ ಬಟ್ಟೆ ಕೊಡುವುದರಿಂದ ವರ್ತಕನಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಉಬ್ಬಸದವರಿಗಂತೂ, ಪುಡಿ ಹಾರುವ ಊದುಬತ್ತಿ ಹೊಸೆತಕ್ಕಿಂತ, ತಂಬಾಕಿನ ದೂಳಿನ ಬೀಡಿ ಕಟ್ಟುವಿಕೆಗಿಂತ ಸೂಜಿಯ ಕೆಲಸ ನಿಸ್ಸಂದೇಹವಾಗಿ ಮೇಲು.

ಇನ್ನು ಗಡುವಿನ ವಿಚಾರ. ಉದಾಹರಣೆಗೆ, ಒಂದು ನಗಕ್ಕೆ 24 ಗಂಟೆಗಳ ಹೊಲಿಗೆ ಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೆ 6 ಗಂಟೆ ಕುಳಿತವಳು 4 ದಿನಗಳಲ್ಲಿ ಮುಗಿಸುವಳು. 3 ಗಂಟೆ ಮಾತ್ರ ಕೂರಬಲ್ಲವಳಿಗೆ 8 ದಿನ ಬೇಕು. ಕೆಟ್ಟ ದಿನಗಳಿಗೆಂದು ಇನ್ನೂ 4 ದಿನ ಸೇರಿಸಿ 12 ದಿನಗಳ ಗಡುವು ನೀಡಿದರೆ, ವರ್ತಕನ ಬಂಡವಾಳ ಅಷ್ಟರ ಮಟ್ಟಿಗೆ ಹೆಚ್ಚು ಕಾಲ ಕಟ್ಟಿಬಿದ್ದಿರುತ್ತದೆ. ಕಟ್ಟಿಬೀಳುವುದು ಬಟ್ಟೆ ಮತ್ತು ದಾರದ ಬೆಲೆ ಮಾತ್ರ; 8 ದಿನಗಳ ಅವಧಿಗೆ ಅದರ ಬಡ್ಡಿ ಲೆಕ್ಕಕ್ಕೆ ಬಾರದಷ್ಟು. ಆದರೆ 4 ದಿನಗಳ ಗಡುವು ಕೊಟ್ಟು, ಐದನೆಯ ದಿನ ಸರಕು ಬಾರದೆ, ಊರಾಚೆಯ ಗಿರಾಕಿಗೆ ಕೊಟ್ಟ ಮಾತು ತಪ್ಪಿದರೆ ಹೋಗುವುದು ಮುಂದಿನ ಆರ್ಡರು. ಆದಕಾರಣ ಮದುವೆ ಹಂಗಾಮಿನ ಅವಸರದ ಸೀರೆಗಳನ್ನು ಈ ಮಹಿಳೆಯರಿಗೆ ಒಪ್ಪಿಸದೆ, ವರ್ಷವಿಡೀ ಬೇಡಿಕೆಯಿರುವ ಸಣ್ಣ ವಸ್ತುಗಳನ್ನು ಒಪ್ಪಿಸುವುದು ವ್ಯಾವಹಾರಿಕವಾಗಿ ಸರಿಯಾದ ಕ್ರಮ. ನಿಧಾನವೆಂಬ ನೆಪದಿಂದ ನಗದ ದರವನ್ನು ಇಳಿಸಲು ಯಾವ ಸಮರ್ಥನೆಯೂ ಇಲ್ಲ. ಗಿರಾಕಿ ಕೊಳ್ಳುವುದು ಹೊಲಿಗೆಯನ್ನು. ಅದಕ್ಕೆ ಹಿಡಿದ ದಿನಗಳನ್ನಲ್ಲ.

ಪಾವತಿಯ ಅವಧಿಯೇ ಇಲ್ಲಿ ಅತಿ ಮುಖ್ಯವಾದುದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ಉಳಿಸಿಕೊಳ್ಳುವಂತಿಲ್ಲ. ನೋಂದಣಿಯಿಲ್ಲದೆ ಮನೆಯಲ್ಲಿ ಹೊಲಿಯುವ ಮಹಿಳೆಗೆ ಈ ರಕ್ಷಣೆ ಸಾಮಾನ್ಯವಾಗಿ ದೊರೆಯದು. ದೊರೆತರೂ 45 ದಿನ ಆಕೆಗೆ ದೀರ್ಘ ಕಾಲ. ಗುಳಿಗೆಗಳನ್ನು ಪ್ರತಿದಿನ ನುಂಗಬೇಕು. ಹಣವಿಲ್ಲದೆ ಒಂದು ವಾರ ಬಿಟ್ಟರೆ ಕಾಯಿಲೆ ಮರಳುತ್ತದೆ, ಕೆಲಸ ನಿಲ್ಲುತ್ತದೆ, ವರ್ತಕನ ಬಟ್ಟೆಯೂ ಅಲ್ಲಿಯೇ ಉಳಿಯುತ್ತದೆ. ಮುಗಿದಷ್ಟು ನಗಗಳಿಗೆ ವಾರಕ್ಕೊಮ್ಮೆ ಹಣ ಕೊಡುವುದು ಔದಾರ್ಯವೆನಿಸಿದರೂ ವಾಸ್ತವದಲ್ಲಿ ಅದು ತನ್ನ ಸರಕಿಗೆ ವರ್ತಕನೇ ಮಾಡಿಕೊಳ್ಳುವ ವಿಮೆ.

ಕಾಯಿಲೆಯ ಪ್ರಮಾಣಪತ್ರ ಕೇಳುವ ಪದ್ಧತಿ ಕೂಡದು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 21 ವರ್ಗಗಳಲ್ಲಿ ಸಿಕಲ್ ಸೆಲ್, ಥಲಸ್ಸೀಮಿಯಾ, ಪಾರ್ಕಿನ್ಸನ್ ಮೊದಲಾದವು ಸೇರಿವೆಯಾದರೂ ಮಧುಮೇಹ, ಅಸ್ತಮಾಗಳ ಹೆಸರಿಲ್ಲ. ಹೀಗಾಗಿ ಅನೇಕರ ಬಳಿ ತೋರಿಸಲು ಕಾಗದವೇ ಇರುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಸಾಧ್ಯ, ಆಸ್ಪತ್ರೆಗೆ ಹೋಗುವ ದಿನ ಯಾವುದು ಎಂದು ಕೇಳಿ ಗಡುವು ಗೊತ್ತುಪಡಿಸಿದರೆ ಸಾಕು; ರೋಗದ ಹೆಸರು ವರ್ತಕನಿಗೆ ಬೇಕಿಲ್ಲ. ಎಚ್‌ಐವಿ ವಿಷಯದಲ್ಲಂತೂ ಇದು ಕಾನೂನಿನ ಪ್ರಶ್ನೆಯೂ ಹೌದು: 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕಾಯ್ದೆಯು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ, ಸೋಂಕಿತರ ಸ್ಥಿತಿಯ ಗೋಪ್ಯತೆಯನ್ನೂ ರಕ್ಷಿಸುತ್ತದೆ. ಪ್ರದರ್ಶನ ಮಳಿಗೆಗಳಲ್ಲಿ ರೋಗಿಗಳು ತಯಾರಿಸಿದ್ದೆಂಬ ಫಲಕ ತೂಗುಹಾಕಿ ಮಾರುವ ರೂಢಿ ಕೆಲವೆಡೆ ಉಂಟು. ಕನಿಕರದಿಂದ ಕೊಂಡವರು ಎರಡನೆಯ ಸಲ ಬರುವುದು ಅಪರೂಪ. ಚೀಟಿಯ ಮೇಲೆ ಹೊಲಿಗೆಯ ಹೆಸರು, ಬಟ್ಟೆಯ ಜಾತಿ, ಊರು ಮತ್ತು ಒಗೆಯುವ ವಿಧಾನವನ್ನು ಮುದ್ರಿಸಬೇಕು. ಕೈ ಕಸೂತಿಗೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆಯನ್ನು, ಅದರ ನಿಯಮಗಳಂತೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಅದರೊಡನೆ ನಮೂದಿಸಬಹುದು.