ಹಡಗಿಗೂ ಒಂದು ‘ಆಧಾರ್’ ಇದೆ!

ಕಳೆದ ಸೆಮಿಸ್ಟರ್ ರಜೆಯಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ಅಲ್ಲಿ ಹಬ್ಬದ ವಾತಾವರಣ. ಜಿಪಿ ರೇಟಿಂಗ್ ಕೋರ್ಸ್ ಮುಗಿಸಿ ಒಂದು ವರ್ಷದಿಂದ ಮನೆಯಲ್ಲೇ ಕುಳಿತಿದ್ದ ಅಣ್ಣನಿಗೆ ಕೊನೆಗೂ ಹಡಗು ಸಿಕ್ಕಿತ್ತು. ಏಜೆಂಟನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಆಫರ್ ಲೆಟರ್ ಕಳಿಸಿದ್ದ. ಮೂರು ಲಕ್ಷ ಕೊಟ್ಟರೆ ಹದಿನೈದು ದಿನದಲ್ಲಿ ದುಬೈಗೆ ಟಿಕೆಟ್! ದೊಡ್ಡಮ್ಮ ಬಳೆ ಅಡವಿಡಲು ಸೊಸೈಟಿಗೆ ಹೊರಡುವುದರಲ್ಲಿದ್ದರು.

“ನೀನು ಎಂಜಿನಿಯರಿಂಗ್ ಅಲ್ವಾ, ಹಡಗು ಹೇಗುಂಟು ನೋಡಿ ಹೇಳು ಮಾರಾಯ” ಎಂದು ಅಣ್ಣ ಮೊಬೈಲ್ ಕೈಗಿಟ್ಟ.

ಮೆಕ್ಯಾನಿಕಲ್ ಓದುವ ನನಗೆ ಹಡಗಿನ ಬಗ್ಗೆ ಗೊತ್ತಿದ್ದದ್ದು ಸೊನ್ನೆ. ನೆನಪಾದದ್ದು 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಮಾತ್ರ. ಉಕ್ಕಿನ ಕಾಯಿಲ್ ಹೊತ್ತಿದ್ದ ಆ ಹಡಗಿಗೆ ನೀರು ನುಗ್ಗಿದಾಗ, ಅದರಲ್ಲಿದ್ದ 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಕಾಪಾಡಿದ್ದರು. ಅಣ್ಣ ಹತ್ತುವ ಹಡಗು ಎಂಥದ್ದೋ ಎಂಬ ಅಳುಕಿನಲ್ಲೇ ಹುಡುಕಲು ಕುಳಿತೆ.

ಲೆಟರ್‌ನಲ್ಲಿ ಹಡಗಿನ ಹೆಸರಿನ ಕೆಳಗೆ ‘ಐಎಂಒ’ ಎಂದು ಬರೆದು ಏಳು ಅಂಕಿಗಳಿದ್ದವು. ಇದು ಹಡಗಿನ ಆಧಾರ್ ಇದ್ದಂತೆ. 1996ರಿಂದ ದೊಡ್ಡ ವಾಣಿಜ್ಯ ಹಡಗುಗಳಿಗೆ ಕಡ್ಡಾಯ. ಮಾಲೀಕ, ಹೆಸರು, ಬಾವುಟ ಎಲ್ಲ ಬದಲಾದರೂ ಗುಜರಿ ಸೇರುವವರೆಗೆ ಈ ಸಂಖ್ಯೆ ಬದಲಾಗದು. ಇದರಲ್ಲೊಂದು ಚಂದದ ಲೆಕ್ಕವೂ ಇದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ ಆಗಿರಬೇಕು. 9074729 ತೆಗೆದುಕೊಂಡರೆ ಮೊತ್ತ 139, ಕೊನೆಯ ಅಂಕಿ 9. ಸರಿಯಾಯಿತು! ಅಣ್ಣನ ಹಡಗೂ ಈ ಪರೀಕ್ಷೆ ಪಾಸಾಯಿತು. ಅವನ ಮುಖ ಅರಳಿತು.

ಆದರೆ ಸಂಖ್ಯೆ ನಿಜವಾದ ಮಾತ್ರಕ್ಕೆ ಹಡಗು ಚೆನ್ನಾಗಿರಬೇಕೆಂದಿಲ್ಲವಲ್ಲ. ನಿಯಮ ಮಾಡುವುದು ವಿಶ್ವಸಂಸ್ಥೆಯ ಐಎಂಒ, ಜಾರಿಗೊಳಿಸುವುದು ಹಡಗು ನೋಂದಣಿಯಾದ ದೇಶ. ನಮ್ಮಲ್ಲಿ ಆ ಕೆಲಸ ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನದು. ಸಮಸ್ಯೆ ಏನೆಂದರೆ, ಮಾಲೀಕ ಒಂದು ದೇಶದವನಾದರೂ ಶುಲ್ಕ ಕಟ್ಟಿ ಪನಾಮಾ, ಲೈಬೀರಿಯಾದಂಥ ಇನ್ನೊಂದು ದೇಶದ ಬಾವುಟ ಹಾರಿಸಬಹುದು. ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ ಹಡಗು ನೋಂದಾಯಿಸುತ್ತದೆ! ಕೆಲವು ದೇಶಗಳು ಕಟ್ಟುನಿಟ್ಟು, ಕೆಲವಕ್ಕೆ ಶುಲ್ಕ ಬಂದರೆ ಸಾಕು.

1978ರಲ್ಲಿ ಲೈಬೀರಿಯಾ ಬಾವುಟದ ‘ಅಮೊಕೊ ಕ್ಯಾಡಿಜ್’ ಫ್ರಾನ್ಸ್ ತೀರದಲ್ಲಿ ಒಡೆದು ಎರಡು ಲಕ್ಷ ಟನ್‌ಗೂ ಹೆಚ್ಚು ತೈಲ ಸೋರಿತು. ಬಾವುಟದ ದೇಶವನ್ನಷ್ಟೇ ನಂಬಿದರೆ ಆಗದು ಎಂದು 1982ರಲ್ಲಿ ಯುರೋಪಿನ ದೇಶಗಳು ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಹಡಗು ಯಾರದ್ದೇ ಇರಲಿ, ಬಂದರಿಗೆ ಬಂದರೆ ಆ ದೇಶದ ಸರ್ವೇಯರ್ ಹತ್ತಿ ತಪಾಸಣೆ ಮಾಡಬಹುದು. ಇದೇ ‘ಪೋರ್ಟ್ ಸ್ಟೇಟ್ ಕಂಟ್ರೋಲ್’. ಹಿಂದೂ ಮಹಾಸಾಗರದ ದೇಶಗಳಿಗೂ ಇಂಥದ್ದೇ ಒಪ್ಪಂದವಿದೆ. ಅದರ ಕಚೇರಿ ಇರುವುದು ನಮ್ಮ ಪಕ್ಕದ ಗೋವಾದಲ್ಲಿ. ಪಣಂಬೂರಿಗೆ ಬರುವ ವಿದೇಶಿ ಹಡಗಿಗೂ ಇದು ಅನ್ವಯ. ಸರ್ಟಿಫಿಕೇಟ್, ಲೈಫ್‌ಬೋಟ್, ಫೈರ್ ಪಂಪ್, ನಾವಿಕರ ವಿಶ್ರಾಂತಿಯ ಗಂಟೆ ಎಲ್ಲವನ್ನೂ ನೋಡುತ್ತಾರೆ. ದೋಷ ಗಂಭೀರವಾಗಿದ್ದರೆ ಸರಿಪಡಿಸುವವರೆಗೆ ಹಡಗು ಬಂದರು ಬಿಡುವಂತಿಲ್ಲ.

ಈ ತಪಾಸಣೆಯ ದಾಖಲೆಗಳು ‘ಈಕ್ವಾಸಿಸ್’ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಣ್ಣನ ಹಡಗಿನ ಸಂಖ್ಯೆ ಹಾಕಿದೆ. ಅದರ ಹೆಸರು ಮೂರು ಸಲ ಬದಲಾಗಿತ್ತು. ಬಂದರುಗಳಲ್ಲಿ ಎರಡು ಸಲ ತಡೆಹಿಡಿಯಲಾಗಿತ್ತು. ದೋಷಗಳ ಪಟ್ಟಿಯಲ್ಲಿ ಲೈಫ್‌ಬೋಟ್ ಕೂಡ ಇತ್ತು.

ಇನ್ನೊಂದು ವಿಷಯವೂ ತಿಳಿಯಿತು. ಭಾರತದಲ್ಲಿ ನಾವಿಕರನ್ನು ನೇಮಿಸಿ ಕಳಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್ ಕೊಡುವ ‘ಆರ್‌ಪಿಎಸ್‌ಎಲ್’ ಲೈಸೆನ್ಸ್ ಬೇಕು. ಕೆಲಸ ಕೊಡಿಸಿದ್ದಕ್ಕೆಂದು ನಾವಿಕರಿಂದ ಹಣ ಪಡೆಯುವಂತೆಯೇ ಇಲ್ಲ. ಲೈಸೆನ್ಸ್ ಪಡೆದವರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿದೆ. ನಮ್ಮ ಏಜೆಂಟ್ ಅದರಲ್ಲಿರಲಿಲ್ಲ. ಅಣ್ಣ ಫೋನ್ ಮಾಡಿ ಲೈಸೆನ್ಸ್ ನಂಬರ್ ಕೇಳಿದ. “ಆಮೇಲೆ ಮಾಡ್ತೇನೆ” ಎಂದ ಏಜೆಂಟ್ ಮತ್ತೆ ಫೋನ್ ಎತ್ತಲೇ ಇಲ್ಲ.

ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೈಗೆ ಬಂದ ಕೆಲಸ ನಾನೇ ತಪ್ಪಿಸಿದೆ ಎಂಬಂತಿತ್ತು ಅವನ ಮುಖ. ನನಗೂ ಬೇಸರವಾಯಿತು. ವರ್ಷಗಟ್ಟಲೆ ಕಾದವನಿಗೆ ಸುಳ್ಳು ಆಫರ್ ಕೂಡ ಆಸೆಯೇ ಅಲ್ಲವೇ? ಮೂರನೆಯ ದಿನ ಬಂದು, “ಆ ಲಿಸ್ಟ್ ಇನ್ನೊಮ್ಮೆ ಓಪನ್ ಮಾಡು, ಅದರಲ್ಲಿರುವ ಕಂಪನಿಗಳಿಗೇ ಅಪ್ಲೈ ಮಾಡುವ” ಎಂದ.

ಅವನಿಗೆ ಇನ್ನೂ ಹಡಗು ಸಿಕ್ಕಿಲ್ಲ. ಆದರೆ ದೊಡ್ಡಮ್ಮನ ಬಳೆ ಕೈಯಲ್ಲೇ ಇದೆ. ಸಮುದ್ರದ ಕೆಲಸದ ಕನಸಿರುವ ಗೆಳೆಯರೇ, ಹಣದ ಮಾತು ಬಂದ ಕೂಡಲೇ ಲೈಸೆನ್ಸ್ ಕೇಳಿ, ಹಡಗಿನ ಆ ಏಳು ಅಂಕಿಗಳನ್ನು ಕೇಳಿ. ನಮಗೆ ಹಿಡಿದದ್ದು ಬರೀ ಅರ್ಧ ಗಂಟೆ.