ಕಾರಿನ ಒಳಗಿನ ಹ್ಯಾಂಡಲ್ ಯಾಕೆ ಮುರಿಯುತ್ತೆ?

ಹಳೇ ಕಾರಿನಲ್ಲಿ ಯಾವುದಾದ್ರೂ ಒಂದು ಬಾಗಿಲಿನ ಒಳ ಹ್ಯಾಂಡಲ್ ಮುರಿದಿರೋದು ತೀರಾ ಮಾಮೂಲಿ. ಮುಂದೆ ಕೂತವರು ಗ್ಲಾಸ್ ಇಳಿಸಿ, ಕೈ ಹೊರಗೆ ಹಾಕಿ ಬಾಗಿಲು ತೆಗೀತಾರೆ. ಹಿಂದಿನ ಸೀಟಿನವರಿಗೆ ಬೇರೆ ಯಾರಾದ್ರೂ ಇಳಿದು ಬಂದು ತೆಗೀಬೇಕು. ವರ್ಷಗಟ್ಟಲೆ ಹೀಗೇ ಓಡುತ್ತೆ. ಆದರೆ ಬಾನೆಟ್‌ನಿಂದ ಹೊಗೆ ಬಂದ ದಿನ, ಹಿಂದೆ ಕೂತ ಅಜ್ಜಿ ತಾವಾಗಿ ಇಳಿಯೋಕೆ ಆಗಲ್ಲ. ಅದಕ್ಕೇ ಇದನ್ನು ಮುಂದಕ್ಕೆ ಹಾಕಬಾರದು.

ನಾವು ಮೂವರು ಗೆಳೆಯರು ಸೇರಿ ಒಂದು ಹಳೇ ಹ್ಯಾಚ್‌ಬ್ಯಾಕ್‌ನ ಹಿಂದಿನ ಬಾಗಿಲಿಗೆ ಹೊಸ ಹ್ಯಾಂಡಲ್ ಹಾಕಿದ್ವಿ. ಹಾಕೋದು ಸುಲಭ. ಯಾಕೆ ಮುರೀತು ಅಂತ ಕಂಡುಹಿಡಿಯೋದೇ ಅಸಲಿ ಕೆಲಸ.

ಒಳ ಹ್ಯಾಂಡಲ್ ಅಂದ್ರೆ ಒಂದು ಲಿವರ್. ಎಳೆದಾಗ ಅದು ಬಾಗಿಲ ಒಳಗಿರೋ ತೆಳು ರಾಡನ್ನು ಎಳೆಯುತ್ತೆ, ರಾಡ್ ಲ್ಯಾಚನ್ನು ಬಿಡಿಸುತ್ತೆ. ಲ್ಯಾಚ್‌ನಲ್ಲಿ ಹಳೇ ಗ್ರೀಸ್ ಧೂಳಿನ ಜೊತೆ ಸೇರಿ ಗಟ್ಟಿಯಾದ್ರೆ ಜೋರಾಗಿ ಎಳೀಬೇಕಾಗುತ್ತೆ. ಆ ಬಲವೆಲ್ಲ ಬೀಳೋದು ಹ್ಯಾಂಡಲ್‌ನ ಬುಡದಲ್ಲಿ, ಪಿನ್ ತೂರೋ ಕಡೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸ್‌ನಲ್ಲಿ ರಂಧ್ರದ ಪಕ್ಕ ಸ್ಟ್ರೆಸ್ ಜಾಸ್ತಿ ಅಂತ ಬರೆದುಕೊಂಡ್ವಲ್ಲ, ಅದೇ ಇದು. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಅಲ್ಲೇ ಬಿರುಕು ಬಿಡುತ್ತೆ. ಲ್ಯಾಚ್ ಸರಿಮಾಡದೆ ಹ್ಯಾಂಡಲ್ ಬದಲಿಸಿದ್ರೆ ಹೊಸದೂ ಬೇಗ ಹೋಗುತ್ತೆ.

ಬಿಚ್ಚೋ ಮೊದಲು ಎರಡು ಪರೀಕ್ಷೆ. ಹಿಂದಿನ ಬಾಗಿಲಾದ್ರೆ ಅದರ ಅಂಚಿನಲ್ಲಿರೋ ಚೈಲ್ಡ್ ಲಾಕ್ ನೋಡಿ. ಅದು ಆನ್ ಇದ್ರೆ ಹ್ಯಾಂಡಲ್ ಸರಿಯಿದ್ರೂ ಬಾಗಿಲು ತೆಗೆಯಲ್ಲ. ಆಮೇಲೆ ಬಾಗಿಲು ತೆಗೆದಿಟ್ಟು, ಸ್ಕ್ರೂ ಡ್ರೈವರ್‌ನಿಂದ ಲ್ಯಾಚನ್ನು ತಳ್ಳಿ ಲಾಕ್ ಮಾಡಿ, ಹೊರ ಹ್ಯಾಂಡಲ್ ಎಳೀರಿ. ಆಗಲೂ ಬಿಗಿಯಾಗಿದ್ರೆ ಲ್ಯಾಚ್ ಕಡೆಯೇ ಅನುಮಾನ. ತೆಗೆದಿಟ್ಟಾಗ ಹಗುರ, ಮುಚ್ಚಿದಾಗ ಬಿಗಿ ಅಂದ್ರೆ ಬಾಗಿಲು ಹಿಂಜ್‌ನಲ್ಲಿ ಜೋತುಬಿದ್ದಿರಬಹುದು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ಈಗ ಬಿಚ್ಚೋದು. ಗ್ಲಾಸ್ ಪೂರ್ತಿ ಮೇಲಿರಲಿ. ಗ್ಲಾಸ್ ತಿರುಗಿಸೋ ಹ್ಯಾಂಡಲ್ ಇದ್ರೆ, ಅದರ ಹಿಂದೆ ಬಟ್ಟೆಯ ಪಟ್ಟಿ ತೂರಿಸಿ, ಶೂ ಪಾಲಿಶ್ ಮಾಡೋ ಹಾಗೆ ಅತ್ತಿತ್ತ ಎಳೀರಿ. ಒಳಗಿನ ಕ್ಲಿಪ್ ಹಾರಿ ಬರುತ್ತೆ, ಕಳ್ಕೋಬೇಡಿ. ಆರ್ಮ್‌ರೆಸ್ಟ್ ಸ್ಕ್ರೂ, ಹ್ಯಾಂಡಲ್ ಸ್ಕ್ರೂ ತೆಗೆದು, ಡೋರ್ ಪ್ಯಾಡನ್ನು ಕ್ಲಿಪ್ ಇರೋ ಕಡೆಯೇ ಮೆಲ್ಲಗೆ ಎಬ್ಬಿಸಿ. ಪವರ್ ವಿಂಡೋ ಇದ್ರೆ ಮೊದಲೇ ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಬಾಗಿಲಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇರೋ ಕಾರಾದ್ರೆ ಕೈ ಹಾಕಬೇಡಿ. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರೀಬಾರದು. ಮಳೆ ನೀರು ಒಳಗೆ ಬರದಂತೆ ತಡೆಯೋದು ಅದೇ.

ರಾಡ್ ಹಿಡಿದಿರೋ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪನ್ನು ಎಳೀಬೇಡಿ, ತಿರುಗಿಸಿ ಬಿಡಿಸಿ. ಲ್ಯಾಚ್‌ಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು, ಹತ್ತಾರು ಸಲ ಆಡಿಸಿ, ಕೊಳೆ ಒರೆಸಿ, ಹೊಸ ಗ್ರೀಸ್ ಹಚ್ಚಿ. ರಾಡನ್ನು ಎರಡೇ ಬೆರಳಲ್ಲಿ ಎಳೆದ್ರೆ ಲ್ಯಾಚ್ ಬಿಡಬೇಕು.

ಎಡ ಬಲದ ಹ್ಯಾಂಡಲ್ ಬೇರೆ ಬೇರೆ, ಅದಕ್ಕೆ ಮುರಿದದ್ದನ್ನು ಅಂಗಡಿಗೆ ಒಯ್ಯಿರಿ. ಮಾರುತಿ 800 ತಯಾರಿ ನಿಂತಿದ್ದು 2014ರಲ್ಲಿ, ಆದ್ರೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅದರ ಬಿಡಿಭಾಗ ಕೇಳಿ ನೋಡಬಹುದು.

ಹೊಸದನ್ನು ಹಾಕಿದ ತಕ್ಷಣ ಬಾಗಿಲು ಮುಚ್ಚಬೇಡಿ. ತೆಗೆದಿಟ್ಟೇ ಲ್ಯಾಚ್ ಲಾಕ್ ಮಾಡಿ, ಹ್ಯಾಂಡಲ್ ಎಳೆದು ಐದಾರು ಸಲ ನೋಡಿ. ರಾಡ್ ಕಳಚಿದ್ದಾಗ ಬಾಗಿಲು ಮುಚ್ಚಿಕೊಂಡ್ರೆ ಪ್ಯಾಡ್ ಬಿಚ್ಚೋದೇ ದೊಡ್ಡ ಕಷ್ಟ. ಕೊನೆಗೆ ಮನೆಯಲ್ಲಿ ಎಲ್ಲರಿಗಿಂತ ಕೈಬಲ ಕಡಿಮೆ ಇರೋರನ್ನು ಒಳಗೆ ಕೂರಿಸಿ. ಅವರು ಒಂದೇ ಕೈಯಲ್ಲಿ ತೆಗೆದ್ರೆ ಕೆಲಸ ಮುಗೀತು.